ಮಾತ್ರೆಗಳ ಕಪಾಟನ್ನು ನಾನು ಜೋಡಿಸಿದ ಬಗೆ

ಹನುಮಂತನಗರದಲ್ಲಿ ನನ್ನದೊಂದು ಔಷಧ ಅಂಗಡಿ ಇದೆ. ಸಾಮಾನ್ಯವಾಗಿ ಅಂಗಡಿಗಳಲ್ಲಿ ಮಾತ್ರೆಗಳನ್ನು ಕಂಪನಿಯ ಪ್ರಕಾರ ಇಲ್ಲವೇ ಬ್ರ್ಯಾಂಡ್ ಹೆಸರಿನ ಅಕ್ಷರ ಕ್ರಮದಲ್ಲಿ ಇಡುತ್ತಾರೆ. ನಾನು ಅದನ್ನು ಬಿಟ್ಟು, ಒಳಗಿರುವ ಔಷಧದ ಗುಂಪಿಗೆ ತಕ್ಕಂತೆ ಜೋಡಿಸಿದೆ. ಬಿಪಿ ಮಾತ್ರೆಗಳಲ್ಲಿ ‘ಸಾರ್ಟಾನ್’ ಎಂದು ಮುಗಿಯುವವಕ್ಕೆ ಒಂದು ಖಾನೆ, ‘ಪ್ರಿಲ್’ಗಳಿಗೆ ಇನ್ನೊಂದು, ಅಟೆನೊಲಾಲ್, ಮೆಟೊಪ್ರೊಲಾಲ್‌ಗಳಿಗೆ ಮತ್ತೊಂದು. ಹೊಟ್ಟೆಯ ಆಮ್ಲ ತಗ್ಗಿಸುವ ‘ಪ್ರಜೋಲ್’ಗಳೆಲ್ಲ ಒಟ್ಟಿಗೆ. ಹೊಸದಾಗಿ ಸೇರಿದ ಹುಡುಗನಿಗೆ ನೂರಾರು ಬ್ರ್ಯಾಂಡ್ ಬಾಯಿಪಾಠ ಮಾಡಿಸುವ ಗೋಳು ತಪ್ಪಿತು. ಜೆನೆರಿಕ್ ಹೆಸರು, ಅಂದರೆ ಒಳಗಿರುವ ಔಷಧದ ಹೆಸರು, ಬ್ರ್ಯಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿರಬೇಕು ಎಂಬ ನಿಯಮ 2018ರಲ್ಲಿ ಜಾರಿಗೆ ಬಂದದ್ದೂ ಅನುಕೂಲವಾಯಿತು.

ಇದರ ನಿಜವಾದ ಲಾಭ ಕಂಡದ್ದು ಒಬ್ಬ ಅಜ್ಜಿ ಎರಡು ಚೀಟಿ ತಂದಾಗ. ಒಂದು ಬಡಾವಣೆಯ ವೈದ್ಯರದು, ಇನ್ನೊಂದು ಹೃದ್ರೋಗ ತಜ್ಞರದು. ಬ್ರ್ಯಾಂಡ್ ಬೇರೆ ಬೇರೆ, ಆದರೆ ಎರಡನ್ನೂ ತೆಗೆಯಲು ನನ್ನ ಕೈ ಒಂದೇ ಖಾನೆಗೆ ಹೋಯಿತು: ಟೆಲ್ಮಿಸಾರ್ಟಾನ್ 40.

“ಅಜ್ಜಿ, ಎರಡೂ ಒಂದೇ ಔಷಧ. ಡಾಕ್ಟರನ್ನು ಕೇಳದೆ ಎರಡನ್ನೂ ತೆಗೆದುಕೊಳ್ಳಬೇಡಿ.”

“ಬಣ್ಣವೇ ಬೇರೆ ಇದೆಯಲ್ಲಪ್ಪ!”

ತಜ್ಞರಿಗೆ ಫೋನ್ ಮಾಡಿದೆ. ಅವರು ಒಂದನ್ನು ಹೊಡೆದುಹಾಕಿಸಿದರು.

ಎಲ್ಲ ಔಷಧಗಳೂ ಹೀಗೆ ಒಂದೇ ಖಾನೆಗೆ ಒಗ್ಗುವುದಿಲ್ಲ. ಔಷಧಗಳನ್ನು ಅವು ಕೆಲಸ ಮಾಡುವ ಅಂಗಕ್ಕೆ ತಕ್ಕಂತೆ ವಿಂಗಡಿಸುವ ವಿಶ್ವ ಆರೋಗ್ಯ ಸಂಸ್ಥೆಯ ಎಟಿಸಿ ವರ್ಗೀಕರಣದಲ್ಲೇ ಆಸ್ಪಿರಿನ್ ರಕ್ತಕ್ಕೆ ಸಂಬಂಧಿಸಿದ ಔಷಧಗಳ ಗುಂಪಿನಲ್ಲೂ ಇದೆ, ನೋವು ನಿವಾರಕವಾಗಿ ನರವ್ಯೂಹದ ಗುಂಪಿನಲ್ಲೂ ಇದೆ. ನಾನೂ ಹಾಗೆಯೇ 75 ಮಿಲಿಗ್ರಾಂನದನ್ನು ಹೃದಯದ ಮಾತ್ರೆಗಳ ಜೊತೆಗೆ, ನೋವಿನದನ್ನು ಬೇರೆ ಇಟ್ಟಿದ್ದೇನೆ.

ಕಾನೂನಿನ ವಿಂಗಡಣೆಯ ದಾರಿ ಬೇರೆ. ಅದು ಔಷಧ ದೇಹದಲ್ಲಿ ಏನು ಮಾಡುತ್ತದೆ ಎನ್ನುವುದಕ್ಕಿಂತ ಅದನ್ನು ಹೇಗೆ ಮಾರಬೇಕು ಎನ್ನುವುದನ್ನು ಹೇಳುತ್ತದೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ 1945ರಲ್ಲಿ ಬಂದ ನಿಯಮಗಳಲ್ಲಿ ಇದಕ್ಕಾಗಿ ಷೆಡ್ಯೂಲ್‌ಗಳು, ಅಂದರೆ ಪಟ್ಟಿಗಳು, ಇವೆ. ಅಮಾಕ್ಸಿಸಿಲಿನ್, ಸೆಫಿಕ್ಸಿಮ್ ಎರಡೂ ಆ್ಯಂಟಿಬಯಾಟಿಕ್, ನನ್ನಲ್ಲಿ ಅಕ್ಕಪಕ್ಕದ ಖಾನೆಗಳು. ಆದರೆ ಮೊದಲನೆಯದು ಷೆಡ್ಯೂಲ್ ಎಚ್, ಚೀಟಿ ಇದ್ದರೆ ಸಾಕು. ಎರಡನೆಯದು 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1. ಚೀಟಿಯ ಜೊತೆಗೆ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ, ಕೊಟ್ಟ ಪ್ರಮಾಣ ಇಷ್ಟನ್ನೂ ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನಿದ್ರೆಗೆಂದು ಜನ ಕೇಳುವ ಆಲ್‌ಪ್ರಜೋಲಾಮ್ ಕೂಡ ಇದೇ ಪಟ್ಟಿಯಲ್ಲಿದೆ. ಈ ಖಾನೆಗಳ ಅಂಚಿಗೆ ಕೆಂಪು ಟೇಪ್ ಅಂಟಿಸಿದ್ದೇನೆ. ಕೈ ಅಲ್ಲಿಗೆ ಹೋದರೆ ರಿಜಿಸ್ಟರ್ ತೆರೆಯಲೇಬೇಕೆಂದು ಹುಡುಗನಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಸಂಜೆ ಏಳರ ಗಿರಾಕಿಗಳ ನಡುವೆ ಬರೆಯುತ್ತ ಕೂರುವುದು ಕಿರಿಕಿರಿಯೇ. ಆದರೂ “ಹೋದ ಸಲದ್ದೇ ಕೊಡಿ ಸಾರ್, ಚೀಟಿ ಮನೆಯಲ್ಲಿದೆ” ಎನ್ನುವವರ ಮುಂದೆ ಆ ಪುಸ್ತಕ ಬಿಚ್ಚಿಟ್ಟರೆ ವಾದ ಅಲ್ಲಿಗೇ ಮುಗಿಯುತ್ತದೆ. ನನ್ನ ಮಾತಿಗೆ ಅಷ್ಟು ಬೆಲೆಯಿಲ್ಲ.

ನಾಲ್ಕೇ ಮಾತ್ರೆ ಕೇಳಿದರೆ, ಬ್ಯಾಚ್ ಸಂಖ್ಯೆ ಮತ್ತು ಎಕ್ಸ್‌ಪೈರಿ ಇಲ್ಲದ ತುದಿಯಿಂದ ಕತ್ತರಿಸುತ್ತೇನೆ. ಉಳಿದ ಸ್ಟ್ರಿಪ್‌ನ ಗುರುತು ನನ್ನಲ್ಲಿ ಉಳಿಯುತ್ತದೆ. ಗಿರಾಕಿಗೆ ಬೇಕಾದ ಎರಡೂ ವಿವರ ಬಿಲ್‌ನಲ್ಲಿ ಇರುತ್ತವೆ, ಅದನ್ನು ಎಸೆಯಬೇಡಿ ಎನ್ನುತ್ತೇನೆ.

ಷೆಡ್ಯೂಲ್ ಎಕ್ಸ್ ಔಷಧಗಳನ್ನು ಮಾತ್ರ ನಾನು ಇಡುವುದಿಲ್ಲ. ಅವಕ್ಕೆ ಬೇರೆಯೇ ಪರವಾನಗಿ ಬೇಕು, ಬೀಗದೊಳಗೆ ಇಡಬೇಕು, ಚೀಟಿ ಎರಡು ಪ್ರತಿಯಲ್ಲಿದ್ದು ಒಂದನ್ನು ಎರಡು ವರ್ಷ ಕಾಪಾಡಬೇಕು. ಕೇಳಿ ಬಂದವರನ್ನು ದೊಡ್ಡ ಆಸ್ಪತ್ರೆಯ ಔಷಧಾಲಯಕ್ಕೆ ಕಳುಹಿಸುತ್ತೇನೆ.