ಜರ್ಮನಿಯಲ್ಲಿ ಪಿಎಚ್‌ಡಿ: ಸಂಬಳ ಯಾರದು, ಪದವಿ ಯಾರದು, ದುಡ್ಡು ಎಷ್ಟು ದಿನಕ್ಕೆ?

ಜರ್ಮನಿಯಲ್ಲಿ ಪಿಎಚ್‌ಡಿ ಮಾಡಬೇಕು ಅಂತ ಇರುವ ನಮ್ಮ ಹುಡುಗ ಹುಡುಗಿಯರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಯೂನಿವರ್ಸಿಟಿ ಒಳ್ಳೆಯದು? ಇಲ್ಲಿ ಆ ಪ್ರಶ್ನೆಯಿಂದ ಅಷ್ಟೇನೂ ಪ್ರಯೋಜನವಿಲ್ಲ. ಕೇಳಬೇಕಾದದ್ದು ಬೇರೆ. ನಿಮಗೆ ಸಂಬಳ ಯಾರು ಕೊಡುತ್ತಾರೆ? ಪದವಿ ಯಾರು ಕೊಡುತ್ತಾರೆ? ಪ್ರಾಜೆಕ್ಟಿನ ದುಡ್ಡು ಎಲ್ಲಿಂದ ಬರುತ್ತದೆ, ಎಷ್ಟು ದಿನ ಬರುತ್ತದೆ? ಈ ಮೂರಕ್ಕೂ ಮೂರು ಬೇರೆ ಬೇರೆ ಉತ್ತರ ಇರಬಹುದು. ಫಿಸಿಕ್ಸ್ ಆಗಲಿ, ಸಂಸ್ಕೃತ ಆಗಲಿ, ಸಮಾಜಶಾಸ್ತ್ರ ಆಗಲಿ, ಈ ಮಾತು ಎಲ್ಲರಿಗೂ ಅನ್ವಯಿಸುತ್ತದೆ.

ಒಂದು ಉದಾಹರಣೆ ನೋಡಿ. ಡ್ರೆಸ್ಡೆನ್‌ನಲ್ಲಿ ಜೀವಕೋಶಗಳ ಬಗ್ಗೆ ಸಂಶೋಧನೆ ಮಾಡುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಇದೆ. ನೀವು ದಿನವೂ ಅಲ್ಲಿಗೇ ಹೋಗುತ್ತೀರಿ, ಮೈಕ್ರೋಸ್ಕೋಪ್ ಅಲ್ಲಿದೆ, ಗೈಡ್ ಅಲ್ಲಿದ್ದಾರೆ. ಆದರೆ ಮ್ಯಾಕ್ಸ್ ಪ್ಲಾಂಕ್‌ಗೆ ಡಾಕ್ಟರೇಟ್ ಕೊಡುವ ಅಧಿಕಾರ ಇಲ್ಲ. ಪದವಿ ಬರುವುದು ಯೂನಿವರ್ಸಿಟಿಯಿಂದ. ಹಾಗಾಗಿ ಅಲ್ಲಿನ ವಿಭಾಗದಲ್ಲಿ ನೀವು ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಲ್ಯಾಬ್ ಸೇರಿದ ಖುಷಿಯಲ್ಲಿ ಇದನ್ನು ಮುಂದೂಡುವವರು ತುಂಬ ಜನ. ಹಾಗೆ ಮಾಡಬೇಡಿ. ನಿಮ್ಮ ಎಂಎಸ್ಸಿ ಅಥವಾ ಎಂಟೆಕ್ ಪದವಿಗೆ ಮಾನ್ಯತೆ ಇದೆಯೋ ಇಲ್ಲವೋ, ಇನ್ನೂ ಒಂದೆರಡು ವಿಷಯ ಓದಿ ಪಾಸಾಗಬೇಕೋ ಅನ್ನುವುದು ತೀರ್ಮಾನವಾಗುವುದು ಅಲ್ಲೇ. ಸೇರಿದ ಮೊದಲ ಕೆಲವು ವಾರಗಳಲ್ಲೇ ಆ ಅರ್ಜಿ ಹಾಕಿ.

ಯೂನಿವರ್ಸಿಟಿಗಳ ಹೊರಗೆ ನಾಲ್ಕು ದೊಡ್ಡ ಸಂಶೋಧನಾ ಬಳಗಗಳಿವೆ. ಮ್ಯಾಕ್ಸ್ ಪ್ಲಾಂಕ್ ಮೂಲ ಸಂಶೋಧನೆಗೆ ಹೆಸರಾದದ್ದು. 1948ರಲ್ಲಿ ಈ ಹೆಸರಿನಲ್ಲಿ ಶುರುವಾಯಿತು, ಈಗ 80ಕ್ಕೂ ಹೆಚ್ಚು ಸಂಸ್ಥೆಗಳಿವೆ. ಅದು ಬರೀ ವಿಜ್ಞಾನಕ್ಕೆ ಅಂತ ತಿಳಿಯಬೇಡಿ. ಬರ್ಲಿನ್‌ನಲ್ಲಿ ವಿಜ್ಞಾನದ ಇತಿಹಾಸಕ್ಕೆ ಒಂದು ಸಂಸ್ಥೆ ಇದೆ, ಇಟಲಿಯ ಫ್ಲಾರೆನ್ಸ್‌ನಲ್ಲಿ ಕಲೆಯ ಇತಿಹಾಸಕ್ಕೇ ಒಂದು ಇದೆ. ಹೆಲ್ಮ್‌ಹೋಲ್ಟ್ಸ್ ಬಳಗದ 18 ಕೇಂದ್ರಗಳಲ್ಲಿ ದೊಡ್ಡ ದೊಡ್ಡ ಯಂತ್ರಗಳಿರುತ್ತವೆ. ಹ್ಯಾಂಬರ್ಗ್‌ನ ಡೇಸಿ ಅದರಲ್ಲೊಂದು. ಅಲ್ಲಿನ ಪೆಟ್ರಾ-3 ಎಕ್ಸ್‌ರೇ ಮೂಲವನ್ನು ಭಾರತದ ವಿಜ್ಞಾನಿಗಳು ಬಳಸಲು ಒಂದು ಒಪ್ಪಂದ ಇದೆ. ಅದನ್ನು ನೋಡಿಕೊಳ್ಳುವುದು ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರ. ಫ್ರೌನ್‌ಹೋಫರ್ ಉದ್ಯಮಗಳಿಗೆ ಹತ್ತಿರದ್ದು, ಕಂಪನಿಗಳಿಂದ ಕೆಲಸ ತಂದು ಅದರಿಂದಲೂ ಖರ್ಚು ನಿಭಾಯಿಸುತ್ತದೆ. ಲೈಬ್ನಿಟ್ಸ್ ಬಳಗದಲ್ಲಿ ಮ್ಯೂಸಿಯಂಗಳಿಂದ ಹಿಡಿದು ಅರ್ಥಶಾಸ್ತ್ರದ ಸಂಸ್ಥೆಗಳವರೆಗೆ ಎಲ್ಲವೂ ಇವೆ.

ಇವೆಲ್ಲದರ ಪಕ್ಕದಲ್ಲಿ ಬಾನ್ ನಗರದ ಡಿಎಫ್‌ಜಿ ಇದೆ. ಅದು ಲ್ಯಾಬ್ ನಡೆಸುವುದಿಲ್ಲ, ಸಂಶೋಧನೆಗೆ ದುಡ್ಡು ಕೊಡುತ್ತದೆ. ಗಣಿತಕ್ಕೂ ಕೊಡುತ್ತದೆ, ಹಸ್ತಪ್ರತಿ ಅಧ್ಯಯನಕ್ಕೂ ಕೊಡುತ್ತದೆ. ಅರ್ಜಿಗಳನ್ನು ತೂಗಿ ನೋಡುವ ಮಂಡಳಿಗಳ ಸದಸ್ಯರನ್ನು ನಾಲ್ಕು ವರ್ಷಕ್ಕೊಮ್ಮೆ ಸಂಶೋಧಕರೇ ಓಟು ಹಾಕಿ ಆರಿಸುತ್ತಾರೆ. ಇದು ನನಗೆ ಈ ದೇಶದ ವ್ಯವಸ್ಥೆಯಲ್ಲಿ ತುಂಬ ಮೆಚ್ಚುಗೆಯಾದ ವಿಷಯ. ಆದರೆ ಪಿಎಚ್‌ಡಿ ವಿದ್ಯಾರ್ಥಿ ತನ್ನ ಹೆಸರಲ್ಲಿ ಅಲ್ಲಿ ಅರ್ಜಿ ಹಾಕಲು ಆಗುವುದಿಲ್ಲ. ಪ್ರೊಫೆಸರ್ ಪ್ರಾಜೆಕ್ಟ್ ಗೆಲ್ಲುತ್ತಾರೆ, ಆ ದುಡ್ಡಿನಲ್ಲಿ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಪ್ರಾಜೆಕ್ಟ್ ಹೆಚ್ಚಾಗಿ ಮೂರು ವರ್ಷದ್ದು. ಥೀಸಿಸ್ ಮುಗಿಯಲು ನಾಲ್ಕು ಐದು ವರ್ಷ ಹಿಡಿಯುವುದು ಮಾಮೂಲು. ಮಧ್ಯದ ಆ ಒಂದೆರಡು ವರ್ಷ ಹೇಗೆ ಅಂತ ಇಂಟರ್‌ವ್ಯೂನಲ್ಲೇ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಈಗ ಒಂದು ಜಾಹೀರಾತು ತೆಗೆದು ಸಾಲು ಸಾಲಾಗಿ ಓದೋಣ, ಯಾಕೆಂದರೆ ಎಲ್ಲ ವಿಷಯವೂ ಅದರಲ್ಲೇ ಇರುತ್ತದೆ. «ಟಿವಿ-ಎಲ್ ಇ13, 65 ಪ್ರತಿಶತ, 3 ವರ್ಷಕ್ಕೆ ಬೆಫ್ರಿಸ್ಟೆಟ್» ಅಂತ ಬರೆದಿದೆ ಅಂದುಕೊಳ್ಳಿ. ಬೆಫ್ರಿಸ್ಟೆಟ್ ಅಂದರೆ ಅಷ್ಟು ಅವಧಿಗೆ ಮಾತ್ರ ಅಂತ. ಟಿವಿ-ಎಲ್ ಅಂದರೆ ರಾಜ್ಯ ಸರ್ಕಾರಗಳ ನೌಕರರ ವೇತನ ಒಪ್ಪಂದ. ಇ13 ಅದರಲ್ಲಿ ಮಾಸ್ಟರ್ಸ್ ಮುಗಿಸಿದವರ ದರ್ಜೆ. ಈ ದರ್ಜೆಯ ಪೂರ್ತಿ ಸಂಬಳ ಶುರುವಿನಲ್ಲೇ ತಿಂಗಳಿಗೆ 4,500 ಯೂರೋ ದಾಟುತ್ತದೆ. ಆದರೆ ಸಾಲಿನಲ್ಲಿ 65 ಪ್ರತಿಶತ ಅಂತ ಇದೆಯಲ್ಲ, ಆದ್ದರಿಂದ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಎಲ್ಲ ಕಳೆದು ಒಂಟಿಯಾಗಿರುವವರ ಕೈಗೆ ಬರುವುದು ಸುಮಾರು 2,000 ಯೂರೋ. ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್ ಕಡೆ 100 ಪ್ರತಿಶತ ಸಿಗುವುದು ಸಾಮಾನ್ಯ. ಸಾಹಿತ್ಯ, ಇತಿಹಾಸದ ಕಡೆ 50 ಕಂಡರೆ ಆಶ್ಚರ್ಯ ಪಡಬೇಡಿ. ಒಪ್ಪಂದದಲ್ಲಿ ಅರ್ಧ ಹೊತ್ತಿನ ಕೆಲಸ ಅಂತಿದ್ದರೂ ದುಡಿಮೆ ಮಾತ್ರ ಪೂರ್ತಿ ದಿನದ್ದೇ. ಇದು ಅನ್ಯಾಯ ಅಂತ ನನಗೆ ಅನ್ನಿಸುತ್ತದೆ, ಇಲ್ಲಿನ ಎಷ್ಟೋ ಸಂಶೋಧಕರೂ ಹಾಗೇ ಹೇಳುತ್ತಾರೆ. ವರ್ಷಕ್ಕೆ 30 ದಿನ ರಜೆ ಇದೆ, ಅದು ನಿಮ್ಮ ಹಕ್ಕು. ಊರಿಗೆ ಹೋಗಲು ಯಾರ ದಾಕ್ಷಿಣ್ಯವೂ ಬೇಕಿಲ್ಲ.

ಸಂಬಳದ ಬದಲು ಸ್ಟೈಪೆಂಡ್ ಇದ್ದರೆ ಲೆಕ್ಕ ಬೇರೆಯಾಗುತ್ತದೆ. ಡಾಡ್ (DAAD, ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ) ಕೊಡುವ ವಿದ್ಯಾರ್ಥಿವೇತನಕ್ಕೆ ಒಳ್ಳೆಯ ಹೆಸರಿದೆ, ಅದರ ಜೊತೆ ವಿಮೆಯ ನೆರವೂ ಬರುತ್ತದೆ. ಆದರೂ ಸ್ಟೈಪೆಂಡ್‌ನಿಂದ ಪಿಂಚಣಿಗೆ ದುಡ್ಡು ಹೋಗುವುದಿಲ್ಲ, ನಿರುದ್ಯೋಗ ವಿಮೆಗೂ ಹೋಗುವುದಿಲ್ಲ. ಎರಡೂ ಸಿಗುವ ಹಾಗಿದ್ದರೆ ನಾನಂತೂ ನೌಕರಿಯ ಒಪ್ಪಂದವನ್ನೇ ಆರಿಸಿಕೊಳ್ಳಿ ಅನ್ನುತ್ತೇನೆ.

ಅರ್ಜಿಯ ವಿಷಯಕ್ಕೆ ಬಂದರೆ, ದಾರಿ ಎರಡು. ಗ್ರಾಜುಯೇಟ್ ಸ್ಕೂಲ್‌ಗಳಿಗೆ ಕೊನೆಯ ದಿನಾಂಕ, ಇಂಟರ್‌ವ್ಯೂ ಎಲ್ಲ ಇರುತ್ತದೆ. ಇನ್ನೊಂದು, ನೇರವಾಗಿ ಪ್ರೊಫೆಸರ್‌ಗೆ ಬರೆಯುವುದು. ಒಂದೇ ಮೇಲ್ ಅನ್ನು ಹೆಸರು ಬದಲಾಯಿಸಿ ಎಲ್ಲರಿಗೂ ಕಳಿಸಿದರೆ ಯಾರೂ ಓದುವುದಿಲ್ಲ. ಅವರ ಒಂದು ಪೇಪರ್ ಓದಿ, ಅದರಲ್ಲಿ ನಿಮಗೆ ಹುಟ್ಟಿದ ಒಂದು ಪ್ರಶ್ನೆ ಬರೆಯಿರಿ. ಎಲ್ಲ ದಾಖಲೆ ಒಂದೇ ಪಿಡಿಎಫ್‌ನಲ್ಲಿರಲಿ. ಮಾಸ್ಟರ್ಸ್ ಇಲ್ಲದೆ ಬರೀ ಬಿಇ ಮೇಲೆ ಪಿಎಚ್‌ಡಿಗೆ ಸೇರುವುದು ಇಲ್ಲಿ ಅಪರೂಪ. ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಪಿಎಚ್‌ಡಿಗೆ ಫೀಸು ಇಲ್ಲ, ಸೆಮಿಸ್ಟರ್ ಕಾಣಿಕೆ ಅಂತ ಒಂದಿಷ್ಟು ಕಟ್ಟಿದರೆ ಆಯಿತು. ಹೆಚ್ಚಿನ ಕಡೆ ಅದರಲ್ಲೇ ಬಸ್ಸು ರೈಲಿನ ಪಾಸೂ ಸೇರಿರುತ್ತದೆ.

ಹ್ಯುಮಾನಿಟೀಸ್ ಓದಿದವರಿಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ «ಜರ್ಮನಿ ಎಂಜಿನಿಯರುಗಳಿಗೆ» ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಮ್ಯೂನಿಕ್‌ನ ಹಳೆಯ ಅರಮನೆಯಲ್ಲಿ ಬವೇರಿಯಾದ ಅಕಾಡೆಮಿ ಇದೆ. ಅಲ್ಲಿ ಲ್ಯಾಟಿನ್ ಭಾಷೆಯ ಒಂದು ದೊಡ್ಡ ನಿಘಂಟು ತಯಾರಾಗುತ್ತಿದೆ. ಕೆಲಸ ಶುರುವಾದದ್ದು 1894ರಲ್ಲಿ. ಸುಮಾರು ಒಂದು ಕೋಟಿ ಚೀಟಿಗಳು ಡಬ್ಬಗಳಲ್ಲಿ ಸಾಲಾಗಿ ಕೂತಿವೆ. ಒಂದೊಂದು ಚೀಟಿಯಲ್ಲೂ ಒಂದು ಪದ, ಅದು ಬಂದ ವಾಕ್ಯ, ಗ್ರಂಥದ ಹೆಸರು. ಒಂದು ಪದವನ್ನು ಕೈಗೆತ್ತಿಕೊಂಡವರು ಅದರ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಅರ್ಥದ ಪ್ರಕಾರ ಗುಂಪು ಮಾಡಿ, ಅದರ ಚರಿತ್ರೆ ಬರೆಯುತ್ತಾರೆ. 130 ವರ್ಷ ಆದರೂ ಕೊನೆಯ ಅಕ್ಷರ ಬಂದಿಲ್ಲ, ಎನ್ ಅಕ್ಷರವನ್ನು ಮುಂದಕ್ಕೆ ಹಾಕಿ, ಆಮೇಲೆ ಅದಕ್ಕೆ ವಾಪಸ್ ಬಂದಿದ್ದಾರೆ. ಎರಡು ಮಹಾಯುದ್ಧ ನಡೆದವು, ದೇಶವೇ ಎರಡಾಗಿ ಮತ್ತೆ ಒಂದಾಯಿತು, ಈ ಕೆಲಸ ಮುಂದುವರಿದೇ ಇದೆ. ಇಂಥ ದೀರ್ಘ ಕಾಲದ ಕೆಲಸಗಳಿಗೆ ಅಂತಲೇ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಒಟ್ಟಾಗಿ ದುಡ್ಡು ಕೊಡುವ ಅಕಾಡೆಮಿ ಯೋಜನೆ ಇದೆ. ಹಳಗನ್ನಡ, ಶಾಸನ, ತಾಳೆಗರಿ ಓದಬಲ್ಲವರು ಇದನ್ನು ತಿಳಿದಿರಬೇಕು.

ಅದೇ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಕಿಟ್ಟೆಲ್ ನಿಘಂಟು ಹೊರಬಂತು. ಫರ್ಡಿನಾಂಡ್ ಕಿಟ್ಟೆಲ್ ಉತ್ತರ ಜರ್ಮನಿಯ ಕರಾವಳಿಯ ಕಡೆಯವರು. ಅವರಿಗೆ ಟ್ಯೂಬಿಂಗನ್ ಯೂನಿವರ್ಸಿಟಿ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 1903ರಲ್ಲಿ ಅದೇ ಊರಲ್ಲಿ ತೀರಿಕೊಂಡರು. ಇಲ್ಲಿ ಕನ್ನಡದ ಓದು ಅವರ ಕಾಲಕ್ಕೇ ನಿಂತಿಲ್ಲ. ಹೈಡೆಲ್‌ಬರ್ಗ್‌ನಲ್ಲಿ 1962ರಿಂದ ದಕ್ಷಿಣ ಏಷ್ಯಾ ಸಂಸ್ಥೆ ಇದೆ, ಅದರ ಲೈಬ್ರರಿ ನಮ್ಮ ವಿಷಯಕ್ಕೆ ದೊಡ್ಡ ಆಸ್ತಿ. ವ್ಯೂರ್ಟ್ಸ್‌ಬರ್ಗ್ ಯೂನಿವರ್ಸಿಟಿಯ ಇಂಡಾಲಜಿ ವಿಭಾಗದಲ್ಲಿ ಹೈಡ್ರೂನ್ ಬ್ರೂಕ್ನರ್ ತುಳು ಪಾಡ್ದನಗಳ ಮೇಲೆ ಕೆಲಸ ಮಾಡಿದವರು. ಪ್ರೊ. ಬಿ.ಎ. ವಿವೇಕ ರೈ ಅಲ್ಲಿಗೆ ಅತಿಥಿ ಪ್ರಾಧ್ಯಾಪಕರಾಗಿ ಬಂದು ಪಾಠ ಮಾಡಿದರು. ನೀವು ಬೇರೆ ಊರಲ್ಲಿದ್ದರೂ ಲೈಬ್ರರಿಗಳ ನಡುವಿನ ಫೆರ್ನ್‌ಲೈಹೆ ಸೇವೆಯಲ್ಲಿ ಪುಸ್ತಕ ತರಿಸಿಕೊಳ್ಳಬಹುದು. ಸಾಮಾನ್ಯವಾಗಿ ಒಂದೂವರೆ ಯೂರೋ ಖರ್ಚು, ಅಷ್ಟೇ.

ಪಿಎಚ್‌ಡಿ ಒಳಗೆ ಬಂದಮೇಲೆ ನಮ್ಮವರಿಗೆ ಹೊಸದೆನಿಸುವುದು ಎರಡು. ಯುಜಿಸಿ ಹೇಳುವಂಥ ಕಡ್ಡಾಯ ಕೋರ್ಸ್‌ವರ್ಕ್ ಹೆಚ್ಚಿನ ಕಡೆ ಇಲ್ಲ. ಮೊದಲ ದಿನದಿಂದಲೇ ಸಂಶೋಧನೆ, ನಿಮ್ಮ ವೇಳೆಯನ್ನು ನೀವೇ ಹಂಚಿಕೊಳ್ಳಬೇಕು. ಎರಡನೆಯದು, ಹೆಚ್ಚಿನ ವಿಭಾಗಗಳಲ್ಲಿ ಥೀಸಿಸ್‌ಗೆ ಅಂಕ ಹಾಕುವವರಲ್ಲಿ ನಿಮ್ಮ ಗೈಡೂ ಒಬ್ಬರು. ಗೈಡ್ ಜೊತೆ ಸಂಬಂಧ ಹಳಸಿದರೆ ಅದರ ಪರಿಣಾಮ ಎಲ್ಲಿಯವರೆಗೆ ಹೋಗಬಹುದು ಅಂತ ಊಹಿಸಿ. ಅದಕ್ಕೇ ಶುರುವಿನಲ್ಲೇ ಮಾರ್ಗದರ್ಶನದ ಲಿಖಿತ ಒಪ್ಪಂದ ಮಾಡಿಕೊಳ್ಳಿ, ಎರಡನೇ ಗೈಡ್ ಯಾರು ಅಂತ ಅದರಲ್ಲಿ ಹೆಸರಿರಲಿ. ಏನಾದರೂ ತೊಂದರೆಯಾದರೆ ಸುಮ್ನೆ ನುಂಗಿಕೊಂಡು ಕೂರಬೇಡಿ. ಎಲ್ಲ ಯೂನಿವರ್ಸಿಟಿಯಲ್ಲೂ ಓಂಬುಡ್ಸ್ ವ್ಯಕ್ತಿ ಇರುತ್ತಾರೆ. ಪೇಪರ್‌ನಲ್ಲಿ ಹೆಸರು ಬಿಟ್ಟಿದ್ದು, ಡೇಟಾ ತಿದ್ದಲು ಹೇಳಿದ್ದು, ಇಂಥದ್ದನ್ನು ಅವರ ಹತ್ತಿರ ಗುಟ್ಟಾಗಿ ಮಾತಾಡಬಹುದು. ಸಂಶೋಧನೆಯ ಡೇಟಾವನ್ನು ಸಾಮಾನ್ಯವಾಗಿ 10 ವರ್ಷ ಕಾಪಾಡಬೇಕು ಅಂತ ಡಿಎಫ್‌ಜಿ ನಿಯಮ ಇದೆ. ಲ್ಯಾಬ್ ಪುಸ್ತಕ ಮೊದಲಿಂದಲೇ ಸರಿಯಾಗಿ ಬರೆಯಿರಿ.

ಕೃತಿಚೌರ್ಯವನ್ನು ಇಲ್ಲಿ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2011ರಲ್ಲಿ ರಕ್ಷಣಾ ಮಂತ್ರಿ ಗುಟ್ಟೆನ್‌ಬರ್ಗ್ ಅವರ ಥೀಸಿಸ್‌ನಲ್ಲಿ ನಕಲು ಸಿಕ್ಕಿ ಡಾಕ್ಟರೇಟೂ ಹೋಯಿತು, ಮಂತ್ರಿಗಿರಿಯೂ ಹೋಯಿತು. ಎರಡು ವರ್ಷದಲ್ಲಿ ಶಿಕ್ಷಣ ಮತ್ತು ಸಂಶೋಧನಾ ಮಂತ್ರಿ ಶಾವಾನ್ ಅವರದೂ ಅದೇ ಕಥೆ. ಬೇರೆಯವರ ಒಂದು ಪ್ಯಾರಾವನ್ನು ಉಲ್ಲೇಖವಿಲ್ಲದೆ ಹಾಕಿದರೆ ಎಷ್ಟೋ ವರ್ಷದ ಮೇಲೂ ಅದು ಹೊರಬರಬಹುದು.

ವೈವಾ ಮುಗಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಗೆಳೆಯರು ರಟ್ಟಿನಲ್ಲಿ ಮಾಡಿದ ಟೋಪಿ ತೊಡಿಸಿದರು. ಗೋಟ್ಟಿಂಗನ್‌ನಲ್ಲಿದ್ದರೆ ಪುರಭವನದ ಮುಂದಿನ ಕಾರಂಜಿ ಹತ್ತಿ ಹೆಬ್ಬಾತು ಹಿಡಿದ ಹುಡುಗಿಯ ಪ್ರತಿಮೆಗೆ ಮುತ್ತು ಕೊಡುವ ಸಂಪ್ರದಾಯವೂ ಇದೆ. ಆದರೂ ಹೆಸರಿನ ಹಿಂದೆ ಡಾ. ಅಂತ ಆಗಲೇ ಹಾಕುವ ಹಾಗಿಲ್ಲ. ಥೀಸಿಸ್ ಪ್ರಕಟಿಸಿ, ಲೈಬ್ರರಿಗೆ ಒಪ್ಪಿಸಿ, ಪ್ರಮಾಣಪತ್ರ ಕೈಗೆ ಬಂದಮೇಲೆ ಮಾತ್ರ. ಅಧಿಕಾರವಿಲ್ಲದೆ ಬಿರುದು ಬಳಸಿದರೆ ಇಲ್ಲಿ ಅದು ಅಪರಾಧ.

ಆಮೇಲೆ ಪೋಸ್ಟ್‌ಡಾಕ್ ಮಾಡುವವರು 2007ರ ಒಂದು ಕಾನೂನು ತಿಳಿದಿರಲೇಬೇಕು. ಯೂನಿವರ್ಸಿಟಿಯಲ್ಲಿ ತಾತ್ಕಾಲಿಕ ಒಪ್ಪಂದದ ಮೇಲೆ ಡಾಕ್ಟರೇಟಿಗೆ ಮುಂಚೆ ಆರು ವರ್ಷ, ಆಮೇಲೆ ಆರು ವರ್ಷ ಇರಬಹುದು, ವೈದ್ಯಕೀಯದಲ್ಲಿ ಆಮೇಲಿನದು ಒಂಬತ್ತು. ಒಂದು ಮಗುವಿಗೆ ಎರಡು ವರ್ಷ ಜಾಸ್ತಿ ಸಿಗಬಹುದು. ಅಷ್ಟು ಮುಗಿದರೆ ಕಾಯಂ ಕೆಲಸ ಬೇಕು, ಇಲ್ಲವೇ ಹೊರಗಿನ ದುಡ್ಡಿನ ಪ್ರಾಜೆಕ್ಟ್ ಹಿಡಿಯಬೇಕು. ಕಾಯಂ ಕೆಲಸಗಳು ತೀರಾ ಕಡಿಮೆ. ಹೊಸಬರು ಬರಲು ಜಾಗ ತೆರವಾಗಬೇಕು ಅಂತ ಶಿಕ್ಷಣ ಮತ್ತು ಸಂಶೋಧನಾ ಸಚಿವಾಲಯ ಹಾನ್ನಾ ಅನ್ನುವ ಕಾಲ್ಪನಿಕ ಸಂಶೋಧಕಿಯ ವಿಡಿಯೋ ಮಾಡಿತ್ತು. 2021ರಲ್ಲಿ ಸಾವಿರಾರು ಜನ «ನಾನೇ ಹಾನ್ನಾ» ಅಂತ ತಮ್ಮ ತಮ್ಮ ಒಪ್ಪಂದಗಳ ಕಥೆ ಬರೆದರು. ನಿಮ್ಮ ವರ್ಷಗಳ ಲೆಕ್ಕ ನೀವೇ ಇಟ್ಟುಕೊಳ್ಳಿ. ಇನ್ನೂ ಊರಲ್ಲೇ ಇರುವ ಪಿಎಚ್‌ಡಿ ಆದವರಿಗೆ ಹುಂಬೋಲ್ಟ್ ಫೆಲೋಶಿಪ್ ಒಳ್ಳೆಯ ದಾರಿ, ಅದಕ್ಕೆ ವಿಷಯದ ಮಿತಿ ಇಲ್ಲ, ಎಲ್ಲಿ ಕೆಲಸ ಮಾಡಬೇಕು ಅನ್ನುವುದನ್ನೂ ನೀವೇ ಆರಿಸಬಹುದು.

ಒಪ್ಪಂದ ಮುಗಿಯುವ ಮೂರು ತಿಂಗಳ ಮುಂಚೆ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಿ. ಪ್ರೊಫೆಸರ್ «ಇನ್ನೊಂದು ವರ್ಷ ನೋಡೋಣ» ಅಂದಿದ್ದರೂ ಬರೆಸಿ, ತಡವಾದರೆ ಸಿಗುವ ಭತ್ಯೆ ಕಡಿತವಾಗುತ್ತದೆ. ಹಿಂದಿನ 30 ತಿಂಗಳಲ್ಲಿ ಕನಿಷ್ಠ 12 ತಿಂಗಳು ವಿಮೆ ಕಟ್ಟಿದ್ದರೆ ಕೈಗೆ ಬರುತ್ತಿದ್ದ ಸಂಬಳದ 60 ಪ್ರತಿಶತ ಸಿಗುತ್ತದೆ, ಮಕ್ಕಳಿದ್ದರೆ 67. ವೀಸಾ ಅವಧಿ ಒಪ್ಪಂದದ ಜೊತೆಗೇ ಮುಗಿಯುವಂತಿದ್ದರೆ ವಿದೇಶೀಯರ ಕಚೇರಿಯ ಅಪಾಯಿಂಟ್‌ಮೆಂಟನ್ನು ಅದಕ್ಕೂ ಮುಂಚೆ ಹಿಡಿಯಿರಿ. ದೊಡ್ಡ ಊರುಗಳಲ್ಲಿ ಆ ಅಪಾಯಿಂಟ್‌ಮೆಂಟ್ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.