ಕಾಯಿನೀರಿನಲ್ಲಿ ಆಕ್ಸಿನ್: ನನ್ನ ಅನುಭವ

ತಿಪಟೂರು ಸೀಮೆಯ ಕಾಯಿಪುಡಿ ಕಾರ್ಖಾನೆಗಳಲ್ಲಿ ಮೋರಿಗೆ ಹೋಗುವ ಬಲಿತ ಕಾಯಿಯ ನೀರೇ ನನ್ನ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾಕ್ಕೆ ಮೇವು. ಬೇರು ಒಡೆಸುವ ಆಕ್ಸಿನ್, ಅಂದರೆ ಇಂಡೋಲ್ ಅಸಿಟಿಕ್ ಆಮ್ಲವನ್ನು ಅದು ಇದರಲ್ಲೇ ತಯಾರಿಸುತ್ತದೆ. ಕಾಯಿ ಒಡೆದ ಎರಡು ಮೂರು ಗಂಟೆಯೊಳಗೆ ನೀರು ತಂದು ಕುದಿಸಬೇಕು, ಇಲ್ಲದಿದ್ದರೆ ಹುಳಿಯುತ್ತದೆ. ಬ್ಯಾಕ್ಟೀರಿಯಾವನ್ನು ಕೃಷಿ ವಿಶ್ವವಿದ್ಯಾಲಯದಿಂದಲೇ ತರುವುದು ಒಳ್ಳೆಯದು. ಹೊಲದ ಮಣ್ಣಿನಿಂದ ಎತ್ತಿಕೊಂಡರೆ ವಾಂತಿಭೇದಿ ತರುವ ಬ್ಯಾಸಿಲಸ್ ಸೀರಿಯಸ್ ಕೂಡ ಬಂದೀತು.

ಕಾಯಿನೀರಿಗೆ ಅಷ್ಟೇ ಸಾದಾ ನೀರು ಬೆರೆಸುತ್ತೇನೆ. ಸಕ್ಕರೆ ಜಾಸ್ತಿಯಾದರೆ ಲೆವಾನ್ ಎಂಬ ಲೋಳೆ ಕಟ್ಟಿ ಸೋಸಲಿಕ್ಕೇ ಆಗುವುದಿಲ್ಲ. ಲೀಟರಿಗೆ 10 ಗ್ರಾಂ ಶೇಂಗಾ ಹಿಂಡಿ ಕುದಿಸಿ ಬಸಿದ ತಿಳಿ, 2 ಗ್ರಾಂ ಡೈಪೊಟ್ಯಾಸಿಯಂ ಫಾಸ್ಫೇಟ್ ಸೇರಿಸಿ, ಕಾಸ್ಟಿಕ್ ಸೋಡಾ ದ್ರಾವಣದಿಂದ ಪಿಎಚ್ 7ಕ್ಕೆ ತರಬೇಕು. ಹಿಂಡಿಯಲ್ಲಿ ಗಟ್ಟಿ ಬೀಜಾಣುಗಳಿರುವುದರಿಂದ ಕುಕ್ಕರ್‌ನಲ್ಲಿ 40 ನಿಮಿಷ ಬೇಯಿಸಬೇಕು. ಬ್ಯಾಕ್ಟೀರಿಯಾ ಆಕ್ಸಿನ್ ಮಾಡಲು ಬಳಸುವ ಕಚ್ಚಾವಸ್ತು ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ, ಲೀಟರಿಗೆ 0.1 ಗ್ರಾಂ ಸಾಕು. ಅದನ್ನು ಆರಿದ ಮೇಲೆ, 0.22 ಮೈಕ್ರಾನ್ ಸೋಸುಕದ ಮೂಲಕ ಹಾಕಿ. ಸಕ್ಕರೆಯ ಜೊತೆ ಬೇಯಿಸಿದರೆ ಕಂದಾಗುತ್ತದೆ.

ಹಿಂದಿನ ದಿನ ಬೆಳೆಸಿದ ಹೆಪ್ಪು ನೂರಕ್ಕೆ 2 ಪಾಲು. ಫ್ಲಾಸ್ಕಿನ ಕಾಲು ಭಾಗ ಮಾತ್ರ ತುಂಬಿ, 30 ಡಿಗ್ರಿಯಲ್ಲಿ, 120 ಆರ್‌ಪಿಎಂ ಶೇಕರ್‌ನಲ್ಲಿ 72 ಗಂಟೆ. ನೊರೆ ಉಕ್ಕಿದರೆ ಕುದಿಸಿ ಆರಿಸಿದ ಕೊಬ್ಬರಿ ಎಣ್ಣೆ ಎರಡು ಹನಿ.

ಎಡವುವುದು ಆಕ್ಸಿನ್ ಎಷ್ಟಿದೆ ಎಂಬ ಅಳತೆಯಲ್ಲಿ. 35% ಪರ್ಕ್ಲೋರಿಕ್ ಆಮ್ಲ 50 ಮಿಲಿ, 0.5 ಮೋಲಾರ್ ಫೆರಿಕ್ ಕ್ಲೋರೈಡ್ 1 ಮಿಲಿ ಸೇರಿದರೆ ಆಕ್ಸಿನ್ ಇದ್ದಲ್ಲಿ ಗುಲಾಬಿ ಬಣ್ಣ ಕೊಡುವ ಸಾಲ್ಕೊವ್ಸ್ಕಿ ದ್ರಾವಣ. (ಈ ಆಮ್ಲ ಹತ್ತಿ, ಕಾಗದ, ಮರಕ್ಕೆ ತಾಕಿದರೆ ಬೆಂಕಿಯ ಅಪಾಯ, ಪ್ರಯೋಗಾಲಯದ ಹೊಗೆ ಎಳೆಯುವ ಗೂಡಿನೊಳಗೇ (ಫ್ಯೂಮ್ ಹುಡ್) ಕೆಲಸ.) ಬ್ಯಾಕ್ಟೀರಿಯಾ ತೆಗೆದ ತಿಳಿ 1 ಮಿಲಿಗೆ ಇದರ 2 ಮಿಲಿ, ಕತ್ತಲಲ್ಲಿ 30 ನಿಮಿಷ, ಆಮೇಲೆ ಬಣ್ಣದ ಗಾಢತೆ ಅಳೆಯುವ ಸ್ಪೆಕ್ಟ್ರೊಫೋಟೊಮೀಟರ್‌ನಲ್ಲಿ 530 ನ್ಯಾನೊಮೀಟರ್ ಬೆಳಕಿಗೆ ಓದು. ಗುಲಾಬಿ ಬಂತೆಂದು ಹಿಗ್ಗಬೇಡಿ. ಆಕ್ಸಿನ್ ಆಗುವ ದಾರಿಯಲ್ಲಿ ಸಿಗುವ ಇಂಡೋಲ್ ಪೈರುವಿಕ್ ಆಮ್ಲವೂ ಬಣ್ಣ ಕೊಡುತ್ತದೆ, ಬೆಂದ ಸಕ್ಕರೆಯ ಕಂದು ಓದನ್ನು ಏರಿಸುತ್ತದೆ. ಹೆಪ್ಪು ಹಾಕದೆ ಅಷ್ಟೇ ಹೊತ್ತು ಇಟ್ಟ ಅದೇ ಮೇವೇ ಬ್ಲ್ಯಾಂಕ್ (ಹೋಲಿಕೆಯ ಮಾದರಿ) ಆಗಬೇಕು, ಬರೀ ನೀರಲ್ಲ.

ಸಸಿಯ ಪರೀಕ್ಷೆಗೂ ಆ ಬ್ಲ್ಯಾಂಕ್ ಬೇಕೇ ಬೇಕು, ಕಾಯಿನೀರಿನಲ್ಲೇ ಸೈಟೊಕೈನಿನ್ ಎಂಬ ಇನ್ನೊಂದು ಸಸ್ಯ ಹಾರ್ಮೋನು ಇರುತ್ತದಲ್ಲ. ರಾಗಿ ಬೀಜವನ್ನು ನೀರು, ಬ್ಲ್ಯಾಂಕ್, 10, 50, 100 ಪಟ್ಟು ತೆಳುವಾಗಿಸಿದ ತಿಳಿ, ಹೀಗೆ ಐದು ತಟ್ಟೆಯಲ್ಲಿ ಮೊಳೆಯಿಸಿ ಬೇರು ಅಳೆಯಿರಿ. ಗಾಢವಾದದ್ದರಲ್ಲಿ ತಾಯಿಬೇರು ಮೊಂಡಾಗಿ ಪಕ್ಕದ ಬೇರು ಕುಚ್ಚುಗಟ್ಟಿದರೆ ಆಕ್ಸಿನ್ ಹೆಚ್ಚಾಗಿದೆ. ಮೆಣಸಿನ ಸಸಿಯ ಬೇರು ಅದ್ದಲು 50 ಪಟ್ಟಿನಿಂದ ಶುರುಮಾಡಿ, 20 ನಿಮಿಷ. ಉಳಿದದ್ದು ಕಂದು ಬಾಟಲಿಯಲ್ಲಿ, ಫ್ರಿಜ್‌ನಲ್ಲಿ. ಬೆಳಕಿಗೆ ಆಕ್ಸಿನ್ ಒಡೆಯುತ್ತದೆ.