ಬಳ್ಳಾರಿ ಬಿಸಿಲಾಗ ಎಸ್‌ಒಎ ಅಳೆಯೋದು: ನನ್ನ ಅನುಭವ

ಬಳ್ಳಾರಿಯಾಗ ಏರೋಸಾಲ್ ಲ್ಯಾಬ್ ಐತಿ ಅಂದ್ರೆ ಎಲ್ರೂ ಮೊದ್ಲು ಕೇಳೋದು, ಮೈನ್ಸ್ ಧೂಳು ಅಳೀತೀರೇನ್ರಿ ಅಂತ. ಅಲ್ರಿ, ನಾವು ನೋಡೋದು ಗಾಳ್ಯಾಗ ಹಾರೋ ಧೂಳಲ್ಲ, ಗಾಳ್ಯಾಗೇ ಹುಟ್ಟೋ ಕಣ. ಗಿಡಮರದಿಂದ, ಪೆಟ್ರೋಲು ಪೇಂಟಿನಿಂದ ಬರೋ ಆವಿ ಓಝೋನು, ಓಎಚ್ ರ‍್ಯಾಡಿಕಲ್ (ಸಿಕ್ಕಿದ್ದರ ಜೊತೆ ಥಟ್ಟನೆ ರಿಯಾಕ್ಟ್ ಆಗೋ ಹೈಡ್ರಾಕ್ಸಿಲ್) ಇಂಥವುಗಳ ಜೊತೆ ರಿಯಾಕ್ಟ್ ಆಗಿ, ಗ್ಯಾಸ್ ಆಗೇ ಉಳಿಯಕ್ಕಾಗ್ದಂಥ ವಸ್ತು ಆಗಿ ಕಣ ಕಟ್ಟತೈತಿ, ಅದು ಸೆಕೆಂಡರಿ ಆರ್ಗ್ಯಾನಿಕ್ ಏರೋಸಾಲ್, ಬಾಯಿಮಾತಿನಾಗ ಎಸ್‌ಒಎ. ಎಷ್ಟು ಆವಿ ಖರ್ಚಾತು, ಅದ್ರಾಗ ಎಷ್ಟು ಕಣ ಆತು, ಆ ಶೇಕಡಾವಾರಿಗೆ ಯೀಲ್ಡ್ ಅಂತೀವಿ. 500 ಮೈಕ್ರೋಗ್ರಾಂ ಆವಿ ಖರ್ಚಾಗಿ 100 ಮೈಕ್ರೋಗ್ರಾಂ ಕಣ ಆದ್ರೆ 20 ಪರ್ಸೆಂಟ್. ಲೆಕ್ಕ ಇಷ್ಟೇ, ಆದ್ರೆ ಆ 100 ಅನ್ನೋದನ್ನ ಹಿಡಿಯೋದ್ರಾಗ ಜೀವ ಹೋಗ್ತೈತಿ.

ನಾನು ಇದಕ್ಕೆ ಕೈ ಹಾಕಿದ್ದು ಯಾಕಂದ್ರೆ, ಸಂಶೋಧನಾ ಪೇಪರ್‌ಗಳಾಗ ಸಿಗೋ ಯೀಲ್ಡ್ ನಂಬರ್ ಬಾಳ ಮಟ್ಟಿಗೆ 20-25 ಡಿಗ್ರಿ ರೂಮಿನಾಗ ಅಳೆದಿದ್ದು. ನಮ್ಮ ಕಡೆ ಏಪ್ರಿಲ್ ಮೇನಾಗ 40 ದಾಟೋದು ಮಾಮೂಲಿ. ಬಿಸಿ ಜಾಸ್ತಿ ಆದಂಗ ಅರ್ಧ ಆವಿ ಅರ್ಧ ಕಣ ಆಗಿರೋ ವಸ್ತು ಆವಿ ಕಡೇಗೇ ವಾಲತೈತಿ, ಯೀಲ್ಡ್ ಇಳೀತೈತಿ. ಅಲ್ಲಿ ನಂಬರ್ ತಂದು ರಾಯಚೂರು ಬಳ್ಳಾರಿ ಬ್ಯಾಸಿಗೀಗೆ ಹಾಕೋದು ನಂಗೆ ಸರಿ ಅನ್ನಿಸ್ಲಿಲ್ಲ.

ಈ ಪ್ರಯೋಗ ಮಾಡೋ ಚೇಂಬರ್ ಅಂದ್ರೆ ದೊಡ್ಡದೇನಲ್ಲ, ಎಫ್‌ಇಪಿ ಟೆಫ್ಲಾನ್ ಶೀಟಿನ ಎರಡು ಘನ ಮೀಟರ್ ಚೀಲ, ಸುತ್ತ ಫ್ರೇಮು, ಕಪ್ಪು ಬಟ್ಟೆ. ಆಯಿಲ್-ಫ್ರೀ ಕಂಪ್ರೆಸರ್ ಗಾಳೀನ ಸಿಲಿಕಾ ಜೆಲ್, ಆಕ್ಟಿವೇಟೆಡ್ ಕಾರ್ಬನ್, ಹೆಪಾ ಫಿಲ್ಟರ್ ದಾಟಿಸಿ ಒಳಗ ಬಿಡ್ತೀವಿ. ಕೆಂಪು ಧೂಳಿಗೆ ಅಂಜೋದೇನಿಲ್ಲ, ಹೆಪಾ ಅದನ್ನ ಆರಾಮಾಗಿ ಹಿಡೀತೈತಿ. ಕಾಡೋದು ಗ್ಯಾಸು. ಪಕ್ಕದ ರೂಮಿನಾಗ ಯಾರೋ ಊದುಬತ್ತಿ ಹಚ್ಚಿದ್ರು, ನೆಲಕ್ಕೆ ಫಿನಾಯಿಲ್ ಹಾಕಿದ್ರು ಅಂದ್ರೆ ಅದು ಹೆಪಾಗೆ ಸಿಗಂಗಿಲ್ಲ, ಕಾರ್ಬನ್ನೇ ಕಾಯ್ಬೇಕು. ಹಂಗಾಗಿ ಪ್ರತಿ ಸಲ ಮೊದ್ಲು ಬರೀ ಓಝೋನ್ ಬಿಟ್ಟು ಬ್ಲ್ಯಾಂಕ್ ನೋಡ್ತೀವಿ, ಕಣ ಹುಟ್ಟಿದ್ರೆ ಗಾಳಿ ಇನ್ನೂ ಕ್ಲೀನ್ ಆಗಿಲ್ಲ ಅಂತಾನೇ ಅರ್ಥ.

ಆಮೇಲೆ ಅಮೋನಿಯಂ ಸಲ್ಫೇಟ್ ದ್ರಾವಣಾನ ಅಟೊಮೈಸರ್‌ನಾಗ ಊದಿ, ಒಣಗಿಸಿ, ಸೀಡ್ ಕಣ, ಅಂದ್ರೆ ಆವಿ ಬಂದು ಕೂರಕ್ಕೆ ಮೊದ್ಲೇ ಇಡೋ ಕಣ, ಹಾಕೋದು. ಆಮೇಲೆ ಆಲ್ಫಾ-ಪೈನೀನ್, ಪೈನ್ ಥರದ ಮರದಿಂದ ಬರೋ ಆವಿ. ಎರಡು ಘನ ಮೀಟರಿಗೆ 100 ಪಿಪಿಬಿ (ನೂರು ಕೋಟಿ ಗಾಳಿ ಅಣುವಿಗೆ 100 ಪೈನೀನ್ ಅಣು) ಬೇಕಂದ್ರೆ ಒಂದು ಮೈಕ್ರೋಲೀಟರಿಗೆ ಸ್ವಲ್ಪ ಮ್ಯಾಲೆ ಅಷ್ಟೇ, ಸಿರಿಂಜಿನ ತುದೀಲಿ ಕಣ್ಣಿಗೇ ಕಾಣ್ಸಂಗಿಲ್ಲ! ಸೈಕ್ಲೋಹೆಕ್ಸೇನ್ ಮಾತ್ರ ಧಾರಾಳವಾಗಿ ಹಾಕ್ಬೇಕು, ಯಾಕಂದ್ರೆ ಪೈನೀನ್ ಓಝೋನ್ ರಿಯಾಕ್ಷನ್ನಿನಾಗೇ ಓಎಚ್ ಹುಟ್ಟತೈತಿ, ಅದನ್ನ ಹಿಡಿದುಹಾಕ್ಲಿಲ್ಲ ಅಂದ್ರೆ ಪೈನೀನ್ ತಿಂದಿದ್ದು ಓಝೋನೋ ಓಎಚ್ಚೋ ಗೊತ್ತಾಗಂಗಿಲ್ಲ. ಕೊನೀಗೆ ಓಝೋನ್, ಸುಮಾರು 300 ಪಿಪಿಬಿ. ಹದಿನೈದಿಪ್ಪತ್ತು ನಿಮಿಷದಾಗ ಪೈನೀನ್ ಅರ್ಧಕ್ಕೆ ಬರ್ತೈತಿ.

ಕಣ ಅಳೆಯೋಕೆ ಎಸ್‌ಎಂಪಿಎಸ್ (ಸ್ಕ್ಯಾನಿಂಗ್ ಮೊಬಿಲಿಟಿ ಪಾರ್ಟಿಕಲ್ ಸೈಜರ್) ಅನ್ನೋ ಯಂತ್ರ. ಅದ್ರಾಗ ಒಂದು ಭಾಗ ವೋಲ್ಟೇಜ್ ಏರಿಸ್ತಾ ಕಣಗಳನ್ನ ಸೈಜ್ ಪ್ರಕಾರ ಬೇರೆ ಮಾಡತೈತಿ, ಇನ್ನೊಂದು ಭಾಗ, ಅಂದ್ರೆ ಕೌಂಟರ್, ಬ್ಯುಟನಾಲ್ ಆವಿ ಮೆತ್ತಿಸಿ ಕಣ ದಪ್ಪ ಮಾಡಿ ಲೇಸರ್‌ನಾಗ ಎಣಿಸತೈತಿ. ನೆನಪಿಡ್ರಿ, ಯಂತ್ರ ತೂಕ ಹೇಳಂಗಿಲ್ಲ, ಎಷ್ಟು ಸೈಜಿನವು ಎಷ್ಟು ಅದಾವು ಅಂತ ಹೇಳತೈತಿ ಅಷ್ಟೇ. ಕಣ ದುಂಡಗೈತಿ ಅಂತ ತಿಳ್ಕೊಂಡು ವಾಲ್ಯೂಮ್ ಮಾಡಿ, ಸೀಡಿಂದು ಕಳೆದು, ಡೆನ್ಸಿಟಿ ಘನ ಸೆಂಟಿಮೀಟರಿಗೆ 1.3 ಗ್ರಾಂ ಸುಮಾರು ಹಿಡಿದು ಗುಣಿಸೋರು ನಾವೇ. ಬ್ಯುಟನಾಲ್ ಎಕ್ಸಾಸ್ಟ್ ಪೈಪ್ ಕಿಟಕಿ ಆಚೆ ಬಿಡ್ರಿ, ಇಲ್ಲಾಂದ್ರೆ ವಾಸನೀಗೆ ತಲಿನೋವು ಗ್ಯಾರಂಟಿ. ರೂಮು ಬಾಳ ಕಾದ್ರೆ ಆ ಕೌಂಟರಿನ ಕಂಡೆನ್ಸರ್ ತಣ್ಣಗಿರಕ್ಕೆ ಒದ್ದಾಡತೈತಿ, ಎಣಿಕೆ ಕೆಡತೈತಿ, ಅದಕ್ಕೆ ಚೀಲಕ್ಕೆ ಬಿಸಿ ಇಟ್ಟು ಯಂತ್ರಕ್ಕೆ ಮಾತ್ರ ಎಸಿ ಇಟ್ಟೀವಿ. ಆದ್ರೆ ಸ್ಯಾಂಪಲ್ ಪೈಪ್ ಬಿಸಿಯಿಂದ ತಂಪಿಗೆ ಬಂದ್ರೆ ಆವಿ ಪೈಪಿನಾಗೇ ಕಣಕ್ಕೆ ಕೂತು ತೂಕ ಜಾಸ್ತಿ ತೋರಸ್ತೈತಿ, ಹಂಗಾಗಿ ಪೈಪ್ ಗಿಡ್ಡ ಮಾಡಿ, ಸುತ್ತ ಇನ್ಸುಲೇಷನ್ ಸುತ್ತಿ, ಯಂತ್ರದ ಬಾಯಿತನಕ ಅದೇ ಬಿಸೀನಾಗ ಇಡೋದು.

ಈಗ ಗೋಡೆ ವಿಷಯ. ಎಲ್ಲಾ ಇಲ್ಲೇ ನಿಂತೈತಿ. ಹುಟ್ಟಿದ ಕಣ ಸುಮ್ನೆ ತೇಲ್ತಾ ಇರಂಗಿಲ್ಲ, ಚೀಲದ ಗೋಡೀಗೆ ಹತ್ತಿಕೊಂತ ಹೋಗ್ತೈತಿ. ಸಣ್ಣವು ಅತ್ತಿತ್ತ ಅಲೆದಾಡಿ ಹತ್ತತಾವು, ದಪ್ಪವು ಭಾರಕ್ಕೆ ಕೆಳಗ ಕೂರ್ತಾವು, ನಡುವಿನ ಸೈಜಿನವು ಜಾಸ್ತಿ ಹೊತ್ತು ಉಳೀತಾವು. ಅದಕ್ಕೆ ಬರೀ ಸೀಡ್ ಹಾಕಿ, ಕತ್ತಲಾಗ ಬಿಟ್ಟು, ಒಂದೊಂದು ಸೈಜಿಗೂ ಎಷ್ಟು ಬೇಗ ಕಮ್ಮಿ ಆಗತೈತಿ ಅಂತ ಲಾಗ್ ಗ್ರಾಫ್ ಹಾಕಿದ್ರೆ ಗೆರೆ ಹೆಚ್ಚುಕಮ್ಮಿ ನೆಟ್ಟಗೆ ಬರತೈತಿ, ಅದರ ಇಳಿಜಾರೇ ಲಾಸ್ ರೇಟು. ಬ್ಯಾಸಿಗ್ಯಾಗ ನಮ್ಮ ಗಾಳಿ ಒಣಾ ಒಣಾ, ಟೆಫ್ಲಾನ್ ಮುಟ್ಟಿದ್ರೆ ಸಾಕು ಸ್ಟ್ಯಾಟಿಕ್ ಏರತೈತಿ, ಕಣಾನ ಎಳಕೊಂತೈತಿ, ಲಾಸ್ ಜಾಸ್ತಿ ಆಗತೈತಿ. ಹುಡುಗ್ರಿಗೆ ನಂದೊಂದೇ ಮಾತು: ಏ, ಚೀಲ ಮುಟ್ಬ್ಯಾಡ್ರೋ. ರೇಟನ್ನೂ ಒಂದ್ಸಲ ತೆಗೆದು ವರ್ಷಗಟ್ಟಲೆ ಬಳಸಂಗಿಲ್ಲ, ಪ್ರತಿ ಪ್ರಯೋಗ ಮುಗಿದ ಮ್ಯಾಲೂ ನೋಡ್ಬೇಕು.

ಕಣ ಅಷ್ಟೇ ಅಲ್ಲ, ಕಣ ಆಗ್ಬೇಕಾದ ಆವೀನೂ ಗೋಡೆ ಕುಡೀತೈತಿ. ಇದು ಯಂತ್ರದಾಗ ಕಾಣಂಗೇ ಇಲ್ಲ. 2014ರಾಗ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯೋರು ಪೆಟ್ರೋಲು ಪೇಂಟಿನಾಗ ಇರೋ ಟೊಲ್ಯೂಈನ್ ಮೇಲೆ ತೋರಿಸಿದ್ರು, ಇದನ್ನ ಬಿಟ್ಟಿದ್ದಕ್ಕೆ ಹಿಂದಿನ ಯೀಲ್ಡ್ ನಾಲ್ಕು ಪಟ್ಟುವರೆಗೂ ಕಮ್ಮಿ ಬಂದಿರಬಹುದು ಅಂತ. ಪೂರ್ತಿ ತಪ್ಪಿಸಕ್ಕಾಗಂಗಿಲ್ಲ, ಸೀಡ್ ಜಾಸ್ತಿ ಹಾಕಿದ್ರೆ ಆವಿಗೆ ಗೋಡೆಗಿಂತ ಮೊದ್ಲು ಕಣ ಸಿಗತೈತಿ, ಸೀಡ್ ಏರಿಸ್ತಾ ಹೋಗಿ ಯೀಲ್ಡ್ ಇನ್ನೂ ಏರತೈತೇನು ನೋಡ್ತೀವಿ, ಏರದು ನಿಂತ ಮ್ಯಾಲೆ ಆ ಸೀಡ್ ಮಟ್ಟ ಹಿಡಿದು ಉಳಿದ ಪ್ರಯೋಗ ಮಾಡೋದು.

25 ಡಿಗ್ರೀದು ಬೆಳಗಿನ ಜಾವ, 40ದು ಮಧ್ಯಾಹ್ನ ಮಾಡ್ತೀವಿ, ಹೀಟರ್ ಖರ್ಚೂ ಉಳೀತೈತಿ. ನಡುವ ಕರೆಂಟ್ ಹೋಗಿ ಚೀಲದ ಉಷ್ಣಾಂಶ ಎರಡು ಡಿಗ್ರಿ ಆಚೀಚೆ ಆದ್ರೆ ಆ ರನ್ನು ಕಸಕ್ಕೆ. ಎರಡನ್ನೂ ಹೋಲಿಸೋವಾಗ ಒಟ್ಟು ಕಣದ ಮಾಸ್ ಒಂದೇ ಮಟ್ಟದಾಗ ಇರೋ ಜಾಗದಾಗೇ ಹೋಲಿಸ್ಬೇಕು, ಕಣ ಜಾಸ್ತಿ ಇದ್ದಷ್ಟೂ ಆವಿ ಕರಗಕ್ಕೆ ಜಾಗ ಜಾಸ್ತಿ, ಯೀಲ್ಡ್ ತಾನೇ ಏರತೈತಿ. ಉಷ್ಣಾಂಶ ಬರೀದೆ ಬರೀ ಯೀಲ್ಡ್ ಕೊಟ್ಟಿರೋ ಟೇಬಲ್‌ಗಳನ್ನ ನಮ್ಮ ಲೆಕ್ಕದ ಶೀಟಿಗೆ ಸೇರಿಸೋದೇ ಬಿಟ್ಟೀವಿ.